ಕಾಫಿಗೆ ಸಕ್ಕರೆಯೆಷ್ಟು?

ಮನೆಗೆ ಬಂದವರನ್ನು ಬರಿಯ ಬಾಯಿಯಲ್ಲಿ ಕಳುಹಿಸಬಾರದೆಂಬುದು ನಮ್ಮ ಜನರಲ್ಲಿ ಬಹುಕಾಲದಿಂದ ನಡೆದುಬಂದಿರುವ ಪದ್ಧತಿ. ಹಿಂದೆ ಬೆಲ್ಲ ನೀರು, ಮಜ್ಜಿಗೆ, ಪಾನಕಗಳು ಈ ಉಪಚಾರವನ್ನು ನಡೆಯಿಸುತ್ತಿದ್ದುವು. ಈಗ ಆ ಅಧಿಕಾರವೆಲ್ಲವೂ ಕಾಫಿ ಚಹಗಳಿಗೆ ಸಂದಿರುವುದು. ಇವುಗಳ ಹಿಂದೆಯೇ ಒಂದು ಪ್ರಶ್ನೆಯೂ ಮನೆಮನೆಗೆ ಬಂದು ನಿಂತಿದೆ. "ಸಕ್ಕರೆ ಹಾಕಬಹುದೋ?" ಎಂದು ಗೃಹಿಣಿಯು ಅಡಿಗೆಯ ಮನೆಯ ಬಾಗಿಲಿನಿಂದ ಕೇಳುವಳು. ಮೂವತ್ತು ವರ್ಷಗಳ ಹಿಂದೆ ಯಾರಾದರೂ ಹೀಗೆ ಕೇಳಿದ್ದರೆ ಅತಿಥಿಯು ತಾನು ಜಿಪುಣರ ಮನೆಗೆ ಬಂದೆನೆಂದು ತಿಳಿಯುತ್ತಿದ್ದನು. ಇಂದು ಅದು ಕ್ಷೇಮಸಮಾಚಾರದ ಮಾತುಗಳಲ್ಲಿ ಒಂದಾಗಿದೆ. ಈ ಸಣ್ಣ ಪ್ರಶ್ನೆಯನ್ನು ಕುರಿತು ನಮ್ಮ ಮನೆಯ ಅನುಭವವನ್ನು ವಾಚಕರ ಮುಂದಿಡಬೇಕೆಂದು ಈ ಲೇಖನಕ್ಕೆ ತೊಡಗಿದ್ದೇನೆ.

ನಾನು ವೈದ್ಯನಲ್ಲ. ಮೂರು ದಶಕಗಳಿಗೂ ಹೆಚ್ಚು ಕಾಲ ಹುಡುಗರಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಹೇಳಿಕೊಟ್ಟು, ಈಗ ಮೈಲಾರದಲ್ಲಿ ಪೂರ್ವಿಕರ ಮನೆಯನ್ನು ಕಾಯ್ದುಕೊಂಡಿರುವ ಉಪಾಧ್ಯಾಯನು. ನಮ್ಮ ಹಡಗಲಿಯ ಸೀಮೆಯಲ್ಲಿ ಚಹಕ್ಕೇ ಪ್ರಾಬಲ್ಯ. ಬಸ್ಸಿನ ನಿಲ್ದಾಣದಲ್ಲಿ ಚಹ, ಹೊಲದ ಬದುವಿನ ಮೇಲೆ ಚಹ, ಮಂಡಕ್ಕಿ ಮೆಣಸಿನಕಾಯಿಯ ಮೇಲೆ ಚಹ. ನಮ್ಮ ಮನೆಗೆ ಕಾಫಿಯು ಬಂದುದು ಮಲೆನಾಡಿನ ಕೊಪ್ಪದ ಕಡೆಯಿಂದ. ಅದು ನನ್ನ ಪತ್ನಿಯ ತೌರು. ಮದುವೆಯಾದ ವರ್ಷ ಆಕೆಯ ಪೆಟ್ಟಿಗೆಯಲ್ಲಿ ಬಂದ ಹಿತ್ತಾಳೆಯ ಫಿಲ್ಟರು ಇಂದಿಗೂ ನಡೆಯುತ್ತಿದೆ. ಕಾಫಿಯು ಮಲೆನಾಡಿನದಾದರೂ ಸಕ್ಕರೆಯ ವಿಷಯದಲ್ಲಿ ಮಾತ್ರ ನಮ್ಮ ಸೀಮೆಯ ಪದ್ಧತಿಯೇ ಗೆದ್ದಿತು. ಲೋಟಕ್ಕೆ ತುಂಬಿದ ಎರಡು ಚಮಚ. ಬೀಗರು ಬಂದರೆ ಎರಡೂವರೆ.

ನನ್ನ ಅಣ್ಣನವರು ನನಗಿಂತ ಒಂಬತ್ತು ವರ್ಷ ಹಿರಿಯರು, ಬೇಸಾಯಗಾರರು. ಊರಿನಲ್ಲಿಯೇ ಬೇರೆ ಮನೆಯಲ್ಲಿದ್ದರೂ ಸಂಜೆಯ ಕಾಫಿಗೆ ನಮ್ಮಲ್ಲಿಗೇ ಬರುವರು. ಕೆಲವು ವರ್ಷಗಳ ಹಿಂದೆ ಅವರಿಗೆ ಮಧುಮೇಹವಿರುವುದು ಗೊತ್ತಾಯಿತು. ವೈದ್ಯರು ಮಾತ್ರೆಗಳನ್ನು ಕೊಟ್ಟು, ಕಾಫಿಗೆ ಸಕ್ಕರೆ ಕೂಡದೆಂದು ವಿಧಿಸಿದರು. ಅಂದಿನಿಂದ ಎಲ್ಲ ಮನೆಗಳಲ್ಲಿ ನಡೆಯುವಂತೆಯೇ ನಮ್ಮಲ್ಲಿಯೂ ನಡೆಯಿತು. ನಾಲ್ವರಿಗೆ ಸಿಹಿಯ ಕಾಫಿ, ಅಣ್ಣನವರಿಗೆ ಬೇರೆ ಲೋಟದಲ್ಲಿ ಸಪ್ಪೆಯದು. ಅದಲುಬದಲಾಗದಿರಲೆಂದು ಗುರುತಿಗೆ ಒಂದು ಚಿಕ್ಕ ಲೋಟ. ಒಂದು ಸಂಜೆ ಅಣ್ಣನವರು ಆ ಲೋಟವನ್ನು ಕೈಯಲ್ಲಿ ತಿರುಗಿಸಿ ನೋಡಿ, "ತಾಯೀ, ಇದು ಕಾಫಿಯ ಲೋಟವೋ ಔಷಧದ ಲೋಟವೋ? ಈ ಮನೆಯಾಗ ಹುಟ್ಟಿ ಬೆಳೆದವ ನಾನು, ನನ್ನ ಪಂಕ್ತಿ ಬ್ಯಾರೆ ಆತು ನೋಡವ್ವಾ" ಎಂದು ನನ್ನ ಪತ್ನಿಯೊಡನೆ ನಗುತ್ತಲೇ ಹೇಳಿದರು. ಆದರೆ ಮರುದಿನದಿಂದ ಅವರು ಬರುವ ಹೊತ್ತು ಬದಲಾಯಿತು. ನಮ್ಮ ಕಾಫಿ ಮುಗಿದು ಲೋಟಗಳನ್ನು ತೊಳೆದಿಟ್ಟ ಮೇಲೆ ಬರುವರು. ಮಳೆ ಬೆಳೆಯ ಮಾತನಾಡಿ ಹೊರಡುವರು. "ಭಾವನವರು ಕಾಫಿಯ ಹೊತ್ತು ತಪ್ಪಿಸಿಕೊಂಡು ಬರುತ್ತಿದ್ದಾರೆ, ನೀವು ನೋಡಿದಿರೋ ಇಲ್ಲವೋ?" ಎಂದು ಪತ್ನಿಯು ನನಗೆ ಹೇಳಿದಳು.

ರೋಗವು ದೇಹಕ್ಕೆ ಬರುವುದು. ಆದರೆ ಅದು ಮನುಷ್ಯನನ್ನು ಪಂಕ್ತಿಯಿಂದ ಎಬ್ಬಿಸಿದರೆ ಮನೆಗೇ ಬಂದಂತೆ. ಅಣ್ಣನವರು ನಮ್ಮ ಲೋಟಕ್ಕೆ ಬರಲಾರರು. ನಾವು ಅವರ ಲೋಟಕ್ಕೆ ಹೋಗಬಹುದಷ್ಟೆ? ಇದನ್ನು ನಾನು ಹೇಳಿದಾಗ ಮಗನು ಮುಖವನ್ನು ಕಹಿಮಾಡಿಕೊಂಡನು. ಸೊಸೆಯು, "ಒಂದೇ ದಿನಕ್ಕೆ ಬೇಡ ಮಾವನವರೇ, ಮೆಲ್ಲಮೆಲ್ಲಗೆ ಆಗಲಿ" ಎಂದಳು. ಆಕೆಯ ಮಾತಿಗೆ ಶಾಸ್ತ್ರದ ಆಧಾರವೂ ಇದ್ದಿತು.

ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ, ರೂಢಿಯಾಗಿಬಿಟ್ಟ ಅಹಿತವಸ್ತುವನ್ನು ಬಿಡುವ ಬಗೆ ಹೇಳಲ್ಪಟ್ಟಿದೆ. ಅದನ್ನು ಒಮ್ಮೆಗೇ ತ್ಯಜಿಸಬಾರದು. ನಾಲ್ಕು ಪಾದಗಳಾಗಿ ಭಾಗಿಸಿ, ಒಂದೊಂದೇ ಪಾದವನ್ನು ತೆಗೆಯುತ್ತ, ತೆಗೆದೆಡೆಯಲ್ಲಿ ಹಿತವಾದುದನ್ನು ತುಂಬುತ್ತ, ನಡುನಡುವೆ ಒಂದು, ಎರಡು, ಮೂರು ದಿನಗಳ ಅಂತರವನ್ನು ಬಿಡುತ್ತ ಹೋಗಬೇಕು. ಹೀಗೆ ಕ್ರಮವಾಗಿ ಕುಗ್ಗಿದ ದೋಷವು ಮರಳಿ ತಲೆಯೆತ್ತದು. ಕ್ರಮವಾಗಿ ಬೆಳೆದ ಗುಣವು ಅಲುಗದು ಎಂಬುದು ಆಚಾರ್ಯನ ಅಭಿಪ್ರಾಯ. ಇದಕ್ಕೆ ಪಾದಾಂಶಿಕ ಕ್ರಮವೆಂದು ಹೆಸರು. ಶ್ಲೋಕದ ಪಾದಗಳನ್ನು ವಿಂಗಡಿಸಿ ತೋರಿಸುವುದರಲ್ಲಿಯೇ ಆಯುಷ್ಯವನ್ನು ಕಳೆದ ನನಗೆ ಸಕ್ಕರೆಯ ಪಾದಗಳನ್ನು ವಿಂಗಡಿಸುವುದು ಕಷ್ಟವಾಗಲಿಲ್ಲ. ಎರಡು ಚಮಚದಲ್ಲಿ ಒಂದು ಪಾದವೆಂದರೆ ಅರ್ಧ ಚಮಚ. ದಿನಗಳ ಅಂತರವು ನಮ್ಮ ನಾಲಗೆಗಳಿಗೆ ಸಾಲದೆಂದು ಒಂದೊಂದು ಪಾದಕ್ಕೂ ಹದಿನೈದು ದಿನಗಳ ಅವಧಿಯನ್ನಿಟ್ಟುಕೊಂಡೆವು.

ಮೊದಲನೆಯ ಪಾದವು ಹೋದುದು ಯಾರಿಗೂ ತಿಳಿಯಲಿಲ್ಲ. ಎರಡನೆಯದು ಹೋದಾಗ ಮಗನು ಎರಡು ದಿನ, "ಅಮ್ಮಾ, ಸಕ್ಕರೆ ಮರೆತೆಯಾ?" ಎಂದು ಕೇಳಿ, ಮೂರನೆಯ ದಿನ ಕೇಳುವುದನ್ನೇ ಮರೆತನು. ತೊಡಕು ಬಂದುದು ಮೂರನೆಯ ಪಾದದಲ್ಲಿ. ಒಂದು ಚಮಚವು ಅರ್ಧವಾದೊಡನೆ ಕಾಫಿಯು ಕಹಿಯಾಯಿತು, ಒಗರಾಯಿತು, ಗಂಟಲಿನಲ್ಲಿ ನಿಂತಿತು. ಆಗ ನನ್ನ ಪತ್ನಿಯು ಹೇಳಿದ ಮಾತು ಈ ಲೇಖನದ ಸಾರವೆಂದರೂ ಸಲ್ಲುವುದು: "ಸಕ್ಕರೆಯನ್ನು ತೆಗೆದರೆ ಸಾಲದು, ಇನ್ನು ಕಾಫಿಯನ್ನು ತಿದ್ದಬೇಕು." ಇಷ್ಟು ದಿನ ಸಕ್ಕರೆಯು ಕಾಫಿಗೆ ರುಚಿ ಕೊಡುತ್ತಿದ್ದಿತೆಂದು ನಾವು ತಿಳಿದಿದ್ದರೂ, ಅದು ಮಾಡುತ್ತಿದ್ದುದು ಕಾಫಿಯ ದೋಷಗಳ ಮೇಲೆ ಮುಸುಕೆಳೆಯುವ ಕೆಲಸವನ್ನು.

ಪತ್ನಿಯು ತಿದ್ದಿದ ಬಗೆಯನ್ನು ಗೃಹಿಣಿಯರ ಉಪಯೋಗಕ್ಕಾಗಿ ತಿಳಿಸುವೆನು. ಮೊದಲನೆಯದು ಪುಡಿ. ಚಿಕೋರಿಯೆಂಬುದು ಹುರಿದು ಪುಡಿಮಾಡಿದ ಒಂದು ಬೇರು; ಅದು ಡಿಕಾಕ್ಷನ್ನಿಗೆ ಬಣ್ಣವನ್ನೂ ಗಟ್ಟಿತನವನ್ನೂ ಕಹಿಯನ್ನೂ ಕೊಡುವುದು. ನಮ್ಮ ದೇಶದ ನಿಯಮದ ಪ್ರಕಾರ ಮಿಶ್ರಣದ ಪುಡಿಯಲ್ಲಿ ನೂರಕ್ಕೆ ೫೧ ಪಾಲಾದರೂ ಕಾಫಿಯಿರಬೇಕು. ಉಳಿದ ೪೯ರವರೆಗೂ ಚಿಕೋರಿಯಿರಬಹುದು. ಪೊಟ್ಟಣದ ಮೇಲೆ ಈ ಪ್ರಮಾಣವನ್ನು ಮುದ್ರಿಸಿರುವರು, ಓದಿ ಕೊಳ್ಳಬೇಕು. ಅರ್ಧಕ್ಕರ್ಧ ಚಿಕೋರಿಯಿರುವ ಪುಡಿಯು ಸಕ್ಕರೆಯನ್ನು ಬೇಡುವುದು. ಹದಿನೈದು ಇಪ್ಪತ್ತರೊಳಗಿರುವುದು ಅಷ್ಟು ಬೇಡದು. ಬೀಜದಲ್ಲಿಯೂ ಭೇದವುಂಟು. ರೊಬಸ್ಟಾ ಜಾತಿಯದು ಕಹಿಯಲ್ಲಿ ಮುಂದು. ಅರೇಬಿಕಾ ಜಾತಿಯದು ಮೃದು, ಸುವಾಸನೆಯುಳ್ಳದು. ಕರಿದಾಗುವಂತೆ ಹುರಿದರೆ ಯಾವ ಬೀಜವೂ ಕಹಿಯೇ. ಕಂದು ಬಣ್ಣಕ್ಕೆ ನಿಲ್ಲಿಸಿದರೆ ಅದರದೇ ಆದ ಒಂದು ಸವಿಯು ಉಳಿಯುವುದು.

ಎರಡನೆಯದು ನೀರು. ನಮ್ಮ ಕಡೆಯ ಕೊಳವೆ ಬಾವಿಗಳ ನೀರು ಗಡಸು. ಕುಡಿಯಲು ಶೋಧಿಸಿಟ್ಟ ನೀರನ್ನೇ ಕಾಫಿಗೂ ತೆಗೆದುಕೊಳ್ಳುವುದು ಲೇಸು. ಮರಳುತ್ತಿರುವ ನೀರನ್ನು ಒಲೆಯಿಂದಿಳಿಸಿ, ಕೊತವು ಅಡಗಿದ ಮೇಲೆ ಪುಡಿಯ ಮೇಲೆ ಸುರಿಯಬೇಕು. ಡಿಕಾಕ್ಷನ್ನನ್ನು ಮತ್ತೆ ಕುದಿಸಲೇಕೂಡದು. ಕುದಿಸಿದರೆ ಪರಿಮಳವು ಹಾರಿ ಕಹಿಯು ನಿಲ್ಲುವುದು. ಎರಡನೆಯ ಸಲ ಇಳಿಸಿದುದು ಒಗರು. ಮೂರನೆಯದು ಹಾಲು. ಹಾಲಿನಲ್ಲಿ ಅದರದೇ ಸಕ್ಕರೆಯಿರುವುದು, ನೂರು ಮಿಲಿಲೀಟರಿಗೆ ಸುಮಾರು ೫ ಗ್ರಾಮಿನಷ್ಟು. ಅದರ ಸಿಹಿಯು ಬಹು ಮಂದ; ಎರಡು ಚಮಚ ಸಕ್ಕರೆಯ ಗದ್ದಲದಲ್ಲಿ ಅದು ಯಾರಿಗೂ ತೋರದು. ಸಕ್ಕರೆಯು ತಗ್ಗಿದ ಮೇಲೆ ನಮ್ಮ ಎಮ್ಮೆಯ ಹಾಲು ಸಿಹಿಯೆಂಬುದು ನನಗೆ ಈ ವಯಸ್ಸಿನಲ್ಲಿ ತಿಳಿಯಿತು.

ನಮ್ಮ ಊರಿನ ಕಾರ್ಣಿಕವನ್ನು ಅನೇಕ ವಾಚಕರು ನೋಡಿರಬಹುದು. ಭರತ ಹುಣ್ಣಿಮೆಯ ಜಾತ್ರೆಗೆ ಲಕ್ಷಾಂತರ ಜನರು ಸೇರುವರು. ಡಮರುಗಳ ಸದ್ದು, ಏಳುಕೋಟಿಯ ಘೋಷ, ಗಾಡಿಗಳ ಗಲಭೆ. ಡೆಂಕನಮರಡಿಯಲ್ಲಿ ಗೊರವಯ್ಯನು ಬಿಲ್ಲನ್ನೇರಿ "ಸದ್ದಲೇ" ಎಂದೊಡನೆ ಆ ಜನಸಮುದ್ರವು ನಿಶ್ಶಬ್ದವಾಗುವುದು. ಆಮೇಲೆ ಆತನ ಬಾಯಿಂದ ಬರುವುದು ಒಂದೇ ಒಂದು ಚಿಕ್ಕ ಮಾತು; ಅದನ್ನು ಕೇಳುವುದಕ್ಕಾಗಿಯೇ ಜನರು ಅಷ್ಟು ದೂರದಿಂದ ಬಂದಿರುವುದು. ಕಾಫಿಯಲ್ಲಿಯೂ ಹಾಗೆಯೇ. ಸಕ್ಕರೆಯು ಸುಮ್ಮನಾದ ಮೇಲೆ ಬೀಜವು ತನ್ನ ಮಾತನ್ನಾಡುವುದು.

ಅದು ಕಹಿಯ ಮಾತಲ್ಲವೇ ಎಂದು ಕೆಲವರು ಕೇಳಬಹುದು. ಅಹುದು. ಆದರೆ ಕಹಿಯನ್ನು ದ್ವೇಷಿಸುವ ಜನರು ನಾವಲ್ಲ. ಯುಗಾದಿಯ ದಿನ ಬೇವನ್ನು ತಿನ್ನುವೆವು. ಅಂದು ಬೇವಿನ ರುಚಿಯೇ ಅಡಗುವಷ್ಟು ಬೆಲ್ಲವನ್ನು ಸುರಿದರೆ ಹಿರಿಯರು ಗದರಿಸುವರು. ಹಾಗಲಕಾಯಿಯ ಪಲ್ಯವನ್ನು ಬಡಿಸಿಕೊಂಡು ಉಣ್ಣುವೆವು. ಷಡ್ರಸಗಳಲ್ಲಿ ತಿಕ್ತವೂ ಒಂದು. ಅದು ತಾನು ರುಚಿಸದಿದ್ದರೂ ನಾಲಗೆಯ ಅರುಚಿಯನ್ನು ನೀಗುವುದೆಂದು ಚರಕನೇ ಹೇಳಿರುವನು. ಈಚಿನ ಪರೀಕ್ಷಕರ ಮಾತೂ ನಮಗೆ ಧೈರ್ಯವನ್ನು ಕೊಡುವಂತಿದೆ. ಅಮೆರಿಕದಲ್ಲಿ ನಡೆದು ೨೦೧೬ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಮೂರು ತಿಂಗಳ ಕಾಲ ಸಕ್ಕರೆಯನ್ನು ಬಹಳವಾಗಿ ತಗ್ಗಿಸಿದವರಿಗೆ ಅದೇ ಸಿಹಿತಿಂಡಿಯು ಇತರರಿಗಿಂತ ಹೆಚ್ಚು ಸಿಹಿಯಾಗಿ ತೋರಿತು. ಮಿನ್ನೆಸೋಟ ವಿಶ್ವವಿದ್ಯಾನಿಲಯದವರು ಕಾಫಿಯನ್ನೇ ಕುರಿತು ಪ್ರಯೋಗ ನಡೆಸಿ, ಗಮನವಿಟ್ಟು, ಅದರ ವಾಸನೆ ರುಚಿಗಳನ್ನು ಆರಯ್ಯುತ್ತ ಕುಡಿಯಲು ಕಲಿತವರಿಗೆ ಸಕ್ಕರೆಯಿಲ್ಲದ ಕಾಫಿಯು ಹೆಚ್ಚು ಪ್ರಿಯವಾಗಿ ಉಳಿಯಿತೆಂದು ಕಂಡುಕೊಂಡರು. ಪಾದಪಾದವಾಗಿ ತಗ್ಗಿಸುವುದರ ಜೊತೆಗೆ ಇದೂ ಇರಬೇಕೆಂದು ನನ್ನ ಸೂಚನೆ. ಪತ್ರಿಕೆಯನ್ನು ಓದುತ್ತ ಕುಡಿದ ಲೋಟವು ಸಿಹಿಯೋ ಸಪ್ಪೆಯೋ ಎಂಬುದೇ ತಿಳಿಯದಿದ್ದರೆ ಎರಡು ಚಮಚವನ್ನು ಯಾರಿಗಾಗಿ ಹಾಕಿದಂತಾಯಿತು?

ಇನ್ನು ಲೆಕ್ಕಕ್ಕೆ ಬರೋಣ. ಚಮಚ ಒಂದಕ್ಕೆ ೫ ಗ್ರಾಮಿನಂತೆ, ದಿನಕ್ಕೆರಡು ಸಲ ಎರಡೆರಡು ಚಮಚವೆಂದರೆ ಒಬ್ಬನಿಗೆ ೨೦ ಗ್ರಾಂ. ನಾಲ್ವರಿಗೆ ತಿಂಗಳಿಗೆ ೨ ಕಿಲೋ ೪೦೦ ಗ್ರಾಂ, ಕಾಫಿಯೊಂದಕ್ಕೇ! ಅರ್ಧರ್ಧ ಚಮಚಕ್ಕಿಳಿದರೆ ಅದು ೬೦೦ ಗ್ರಾಂ ಮಾತ್ರ. ವರ್ಷದಲ್ಲಿ ಇಪ್ಪತ್ತೊಂದೂವರೆ ಕಿಲೋವಿಗಿಂತಲೂ ಹೆಚ್ಚು ಸಕ್ಕರೆಯು ಉಳಿಯುವುದು. ವಿಶ್ವ ಆರೋಗ್ಯ ಸಂಸ್ಥೆಯು ೨೦೧೫ರಲ್ಲಿ ಮಾಡಿದ ಸೂಚನೆಯಂತೆ, ಮೇಲೆ ಸೇರಿಸಿದ ಸಕ್ಕರೆಯೇ ಮೊದಲಾದುವು ಆಹಾರದ ಶಕ್ತಿಯಲ್ಲಿ ಹತ್ತನೆಯ ಒಂದು ಪಾಲಿಗಿಂತ ಕಡಿಮೆಯಿರಬೇಕು. ಅದರ ಅರ್ಧಕ್ಕೆ, ಎಂದರೆ ದಿನಕ್ಕೆ ಸುಮಾರು ೨೫ ಗ್ರಾಮಿಗೆ, ಇಳಿದರೆ ಇನ್ನೂ ಉತ್ತಮ. ಆ ಇಪ್ಪತ್ತೈದರಲ್ಲಿ ಇಪ್ಪತ್ತನ್ನು ನಮ್ಮ ಎರಡು ಲೋಟಗಳೇ ನುಂಗುತ್ತಿದ್ದುವು.

ಈ ಸೂಚನೆಯನ್ನು ಲಘುವಾಗಿ ಎಣಿಸುವಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಹಾಯದಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯು, ೨೦೨೧ರಲ್ಲಿ ನಮ್ಮ ದೇಶದಲ್ಲಿ ೧೦ ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದ್ದಿತೆಂದು ಅಂದಾಜುಮಾಡಿದೆ. ಶಬ್ದಗಳ ಚರಿತ್ರೆಯೂ ವಿಚಿತ್ರವಾದುದು. ಸಂಸ್ಕೃತದ ಶರ್ಕರಾ ಎಂಬುದಕ್ಕೆ ಹರಳು, ನೊರಜುಗಲ್ಲು ಎಂದು ಅರ್ಥ. ಅದೇ ಕನ್ನಡದಲ್ಲಿ ಸಕ್ಕರೆಯಾಯಿತು. ಪಾರಸಿಕ, ಅರಬ್ಬೀ ಭಾಷೆಗಳನ್ನು ಹಾದು ಇಂಗ್ಲಿಷಿನಲ್ಲಿ ಷುಗರ್ ಆಯಿತು. ಇಂದು ನಮ್ಮ ಹಳ್ಳಿಗಳಲ್ಲಿ "ಅವರಿಗೆ ಷುಗರ್ ಐತಿ" ಎಂದರೆ ಅದು ರೋಗದ ಹೆಸರು. ನಮ್ಮ ಮನೆಯ ಶಬ್ದವೇ ದೇಶಾಂತರಗಳನ್ನು ತಿರುಗಿ ವ್ಯಾಧಿಯಾಗಿ ಮನೆಗೆ ಮರಳಿದಂತಾಯಿತು.

ಹಾಗೆಂದು ಸಕ್ಕರೆಯನ್ನೇ ನಿಂದಿಸಲಾರೆನು. ಮೈಸೂರು ಸಂಸ್ಥಾನದ ವ್ಯವಸಾಯ ಶಾಖೆಯ ಮುಖ್ಯಸ್ಥರಾಗಿದ್ದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರು ೧೯೨೫ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿಯ ಪ್ರಯೋಗಕ್ಷೇತ್ರವನ್ನು ಆರಂಭಿಸಿದರು. ೧೯೩೩ರಲ್ಲಿ ಮಂಡ್ಯದ ಸಕ್ಕರೆಯ ಕಾರ್ಖಾನೆಯು ಸ್ಥಾಪಿತವಾಗುವುದಕ್ಕೂ ಅವರೇ ಬಹಳ ಶ್ರಮಿಸಿದರು. ಒಬ್ಬರೇ ಮನುಷ್ಯರು ಎರಡನ್ನೂ ಪೋಷಿಸಿದರು. ಎರಡರಿಂದಲೂ ರೈತರು ಬದುಕಿದರು. ಕಬ್ಬು ನಮ್ಮ ತುಂಗಭದ್ರೆಯ ದಂಡೆಯಲ್ಲಿಯೂ ಬೆಳೆಯುವುದು. ಹಬ್ಬದ ಹೋಳಿಗೆಗೆ ಸಿಹಿಯಿರಲಿ, ಧಾರಾಳವಾಗಿಯೇ ಇರಲಿ. ದಿನದಿನದ ಲೋಟಗಳಲ್ಲಿ ಅರಿವಿಲ್ಲದೆ ಕರಗಿಹೋಗುವ ಸಕ್ಕರೆಯನ್ನು ಕುರಿತು ಮಾತ್ರ ನಾನು ಹೇಳುತ್ತಿರುವುದು.

ಎರಡು ಎಚ್ಚರಿಕೆಗಳಿವೆ. ಬೆಲ್ಲದ ಕಾಫಿಗೆ ದೋಷವಿಲ್ಲವೆಂದು ಕೆಲವರು ನಂಬಿರುವರು. ಮಲೆನಾಡಿನ ಬೆಲ್ಲದ ಕಾಫಿಯು ಬಹು ರುಚಿಯಾದುದು, ನಿಜ. ಆದರೆ ಬೆಲ್ಲದ ಬಹುಪಾಲು ಸಕ್ಕರೆಯೇ. ಮಧುಮೇಹಿಯ ರಕ್ತವು ಇವೆರಡರ ಬಣ್ಣವನ್ನು ನೋಡುವುದಿಲ್ಲ. ಇನ್ನು ಕೃತಕವಾದ ಸಿಹಿಯ ಗುಳಿಗೆಗಳು. ತೂಕವನ್ನು ಹತೋಟಿಯಲ್ಲಿಡಲು ಇವನ್ನು ನೆಚ್ಚಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೩ರಲ್ಲಿ ತಿಳಿಸಿದೆ. ಆ ಸೂಚನೆಯು ಈಗಾಗಲೇ ಮಧುಮೇಹವಿರುವವರನ್ನು ಕುರಿತದ್ದಲ್ಲ. ಅಂಥವರು ತಮ್ಮ ವೈದ್ಯರನ್ನು ಕೇಳಿ ನಡೆಯಬೇಕು. ಸಕ್ಕರೆಯನ್ನು ತಗ್ಗಿಸಿದೆನೆಂದು ಮಾತ್ರೆಯನ್ನು ನಿಲ್ಲಿಸುವುದಂತೂ ಕೂಡದು.

ಕೊನೆಯದಾಗಿ ಉಳಿಯುವುದು ಮರ್ಯಾದೆಯ ಪ್ರಶ್ನೆ. ಸಕ್ಕರೆ ಕಡಿಮೆಯಾದರೆ ಬಂದವರು ಏನೆಂದುಕೊಂಡಾರು ಎಂಬ ಅಳುಕು ನಮ್ಮ ಮನೆಯಲ್ಲಿಯೂ ಇದ್ದಿತು. ಕಾಫಿಯ ತೌರನ್ನು ನೋಡಿದರೆ ಈ ಅಳುಕಿಗೆ ಕಾರಣವಿಲ್ಲ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನರು ಯೆಮನ್ ದೇಶದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯವು ಎಲ್ಲರಿಗೂ ತಿಳಿದಿರುವುದು. ಆ ಅರಬ್ಬರ ಸೀಮೆಗಳಲ್ಲಿ ಇಂದಿಗೂ ಅತಿಥಿಗೆ ಏಲಕ್ಕಿಯನ್ನು ಬೆರೆಸಿದ, ಸಕ್ಕರೆಯಿಲ್ಲದ ಕಾಫಿಯನ್ನು ಚಿಕ್ಕ ಬಟ್ಟಲಿನಲ್ಲಿ ಕೊಡುವರು; ಪಕ್ಕದಲ್ಲಿ ಖರ್ಜೂರವಿಡುವರು. ೨೦೧೫ರಲ್ಲಿ ಯುನೆಸ್ಕೋ ಸಂಸ್ಥೆಯು ಆ ಕಾಫಿಯನ್ನು ಔದಾರ್ಯದ ಸಂಕೇತವೆಂದೇ ತನ್ನ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು. ಔದಾರ್ಯವಿರುವುದು ಕೊಡುವ ಕೈಯಲ್ಲಿ.

ನಮ್ಮ ಮನೆಯಲ್ಲಿ ಈಗ ನಾಲ್ಕನೆಯ ಪಾದವೂ ಹೋಗಿದೆ. ಪಾತ್ರೆಗೆ ಸಕ್ಕರೆಯನ್ನು ಹಾಕುವುದಿಲ್ಲ. ಐದು ಲೋಟಗಳೂ ಒಂದೇ ಅಳತೆಯವು, ಒಂದೇ ಕಾಫಿ. ತಟ್ಟೆಯಲ್ಲಿ ಸಕ್ಕರೆಯ ಬಟ್ಟಲೂ ಒಂದು ಚಿಕ್ಕ ಚಮಚವೂ ಇರುವುವು. ಬೇಕಾದವರು ಬೇಕಾದಷ್ಟು ಹಾಕಿಕೊಳ್ಳುವರು. ಮಗನು ಅರ್ಧ ಚಮಚ, ನಾನು ಒಂದು ಚಿಟಿಕೆ. ಪತ್ನಿಯೂ ಸೊಸೆಯೂ ಬಟ್ಟಲನ್ನು ಮುಟ್ಟುವುದೇ ಇಲ್ಲ. ಎರಡೂವರೆ ಚಮಚದ ಬೀಗರಿಗೂ ಬಟ್ಟಲು ಎದುರಿಗಿರುವುದರಿಂದ ಮುನಿಸಿಲ್ಲ, ಬಂದವರನ್ನು "ನಿಮಗೆ ಷುಗರ್ ಉಂಟೋ?" ಎಂದು ನಾಲ್ಕು ಜನರೆದುರಿಗೆ ಕೇಳುವ ಸಂಕಟವೂ ತಪ್ಪಿತು. ಅಣ್ಣನವರು ಹಳೆಯ ಹೊತ್ತಿಗೇ ಬರುತ್ತಿರುವರು. ಮೊದಲನೆಯ ಸಲ ಎಲ್ಲರ ಲೋಟದಿಂದಲೂ ತುಸು ಬೇರೆ ಪರಿಮಳವನ್ನು ಕಂಡು, "ಏನು ತಾಯೀ, ಪುಡಿ ಬದಲಾಯಿಸಿದಿಯಾ?" ಎಂದು ಕೇಳಿದರು, ಸಕ್ಕರೆಯ ಮಾತನ್ನು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಪ್ರತಿಯೊಂದು ಮನೆಯಲ್ಲಿಯೂ ಇಂದು ಒಬ್ಬರಲ್ಲದಿದ್ದರೆ ಒಬ್ಬರಿಗೆ ಬೇರೆ ಲೋಟವಿರುವುದು. ಅವರನ್ನು ಪಥ್ಯದ ಪಂಕ್ತಿಯಲ್ಲಿ ಒಂಟಿಯಾಗಿ ಕುಳ್ಳಿರಿಸದೆ, ಮನೆಯವರೆಲ್ಲರೂ ಒಂದೊಂದು ಪಾದ ಅವರ ಕಡೆಗೆ ಸರಿಯಲಿ ಎಂಬುದೇ ಗೃಹಸ್ಥರಲ್ಲಿ ನನ್ನ ಬಿನ್ನಹ. ಇಂದಿನ ಸಂಜೆಯ ಕಾಫಿಯಲ್ಲಿಯೇ ಅರ್ಧ ಚಮಚವನ್ನು ಬಿಟ್ಟು ನೋಡಿರಿ. ಯಾರಿಗೂ ತಿಳಿಯದು.